ಗಂಗಣ್ಣನ ತೂಕವೂ ಜೋಯಿಡಾ ಬಸ್ಸಿನ ಬಾಯಿಯೂ

ನಮ್ಮ ಜೋಯಿಡಾ ಬಸ್ಸಿನಲ್ಲಿ ಎರಡು ಸಾಲು ಸೀಟುಗಳ ನಡುವಿನ ಹಾದಿಯನ್ನು ಕಲ್ಪಿಸಿದವನು ಯಾರೋ, ಅವನು ಮನುಷ್ಯರನ್ನು ಬರೀ ನಕ್ಷೆಯಲ್ಲಿ ನೋಡಿದ್ದವನಿರಬೇಕು. ಒಬ್ಬ ಸಾಧಾರಣ ಮನುಷ್ಯ, ಅವನ ಕೈಯಲ್ಲೊಂದು ಸಾಧಾರಣ ಚೀಲ, ಮನಸ್ಸಿನಲ್ಲಿ ಅಸಾಧಾರಣ ತಾಳ್ಮೆ, ಇಷ್ಟಿದ್ದರೆ ಆ ಹಾದಿಯಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಬಹುದಿತ್ತು. ಕಾಯಿಪಲ್ಲೆಯ ಗಂಟು, ಒಣಮೀನಿನ ಬುಟ್ಟಿ, ಕಾಲು ಕಟ್ಟಿ ಮಲಗಿಸಿದ ಕೋಳಿ ಇವೆಲ್ಲ ಕೂಡಿಕೊಂಡರೆ ತಾಳ್ಮೆಯೂ ಸಾಲುತ್ತಿರಲಿಲ್ಲ. ಇಂಥ ಹಾದಿಯಲ್ಲಿ ದಿನವೆಲ್ಲ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಾಡುವ ಕೆಲಸ ಕಂಡಕ್ಟರ್ ಗಂಗಾಧರ ಅವರದು. ಮತ್ತು ಗೆಳೆಯರೇ, ಗಂಗಾಧರ ಸಾಧಾರಣ ಗಾತ್ರದ ಮನುಷ್ಯರಾಗಿರಲಿಲ್ಲ. ಅವರು ಆ ಹಾದಿಯಲ್ಲಿ ಬರುತ್ತಿದ್ದರು ಎನ್ನುವುದಕ್ಕಿಂತ ಹಾದಿಯನ್ನು ತೊಟ್ಟುಕೊಂಡು ಬರುತ್ತಿದ್ದರು ಎನ್ನುವುದೇ ಸರಿ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನ್ನ ಯಜಮಾನರಿಗೆ ಕೆಲಸ, ಬಂಗೂರನಗರದಲ್ಲಿ ಮನೆ, ಜೋಯಿಡಾದ ಶಾಲೆಯೊಂದರಲ್ಲಿ ನನಗೆ ಕನ್ನಡ ಕಲಿಸುವ ನೌಕರಿ. ಹೀಗಾಗಿ ಬೆಳಿಗ್ಗೆ ಹೋಗುವ, ಸಂಜೆ ಮರಳುವ ಆ ಕೆಂಪು ಬಸ್ಸು ನನ್ನ ಎರಡನೆಯ ಮನೆಯಾಗಿತ್ತು. ಬಸ್ಸಿಗೆ ನಮ್ಮಂಥ ಕಾಯಂ ಮಂದಿ ಬಹಳ. ದಾಂಡೇಲಿಯಿಂದ ಹೊತ್ತು ತಂದ ಬಳೆಗಳನ್ನು ಜೋಯಿಡಾದ ಹಳ್ಳಿಗಳಲ್ಲಿ ತೊಡಿಸುವ ಜೈತೂನಬಿ ಇದ್ದಳು. ಅರವತ್ತು ದಾಟಿದ ಹೆಂಗಸು, ಅವಳ ಮಾತಿಗೆ ಇಡೀ ಬಸ್ಸಿನಲ್ಲಿ ಎದುರಿರಲಿಲ್ಲ. ಸ್ಟಿಯರಿಂಗಿನ ಹಿಂದೆ ಡ್ರೈವರ್ ಸಾಂತಾನ್ ಇದ್ದರು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ಕಾಡುಹಂದಿ ಅಡ್ಡ ಬಂದರೆ ಎರಡೂ ಕೂಡಿದ ಮೂರನೆಯದೊಂದು ಭಾಷೆ. ಮತ್ತೆ ಹಳಿಯಾಳದವರಾದ ನಮ್ಮ ಗಂಗಾಧರ. ಎಲ್ಲರ ಬಾಯಲ್ಲೂ ಗಂಗಣ್ಣ.

ಗಂಗಣ್ಣನಿಗೆ ಒಂದು ಉಪಾಯ ಗೊತ್ತಿತ್ತು. ತಮ್ಮ ಗಾತ್ರದ ಬಗ್ಗೆ ಯಾರಾದರೂ ನಗುವ ಮೊದಲೇ ತಾವು ನಕ್ಕುಬಿಡುವುದು. "ಸರೀರಿ ಸರೀರಿ, ಗೂಡ್ಸ್ ಗಾಡಿ ಬಂತು" ಎಂದು ಕೂಗುತ್ತಲೇ ಅವರು ಜನರ ನಡುವೆ ನುಗ್ಗುತ್ತಿದ್ದರು. ಏರಿನಲ್ಲಿ ಬಸ್ಸು ತೇಕಿದರೆ ಸಾಂತಾನ್ ತಿರುಗಿ ನೋಡದೆ, "ಗಂಗಣ್ಣ, ಸ್ವಲ್ಪ ಮುಂದ ಬಾರೋ, ಹಿಂದಿನ ಗಾಲಿ ಅಳ್ತಾವ" ಎನ್ನುತ್ತಿದ್ದರು. ಬಸ್ಸು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ಗಂಗಣ್ಣ ನಗುತ್ತಿದ್ದರು. ನಗುವೂ ಒಂದು ಬಗೆಯ ಕೊಡೆ. ಬಿಚ್ಚಿ ಹಿಡಿದವನು ಒಳಗೆ ಎಷ್ಟು ನೆನೆದಿದ್ದಾನೆಂದು ಹೊರಗಿನವರಿಗೆ ತಿಳಿಯುವುದಿಲ್ಲ.

ನಮ್ಮ ನಾಡಿನಲ್ಲಿ ಎರಡು ವಿಷಯಗಳಿಗೆ ಓದು ಬೇಕಿಲ್ಲ: ಇನ್ನೊಬ್ಬರ ಮಕ್ಕಳನ್ನು ಬೆಳೆಸುವುದು ಮತ್ತು ಇನ್ನೊಬ್ಬರ ಮೈ ಇಳಿಸುವುದು. ದಾರಿಯ ಪೋಟೋಲಿ ಊರು ದಾಟುವಷ್ಟರಲ್ಲಿ ಗಂಗಣ್ಣನಿಗೆ ಹತ್ತಾರು ಚಿಕಿತ್ಸೆಗಳು ಸಿಗುತ್ತಿದ್ದವು. ಬರಿಹೊಟ್ಟೆಗೆ ಬಿಸಿನೀರು ಜೇನುತುಪ್ಪ ಎಂದು ಒಬ್ಬರು, ಹಾಗಲಕಾಯಿ ರಸ ಎಂದು ಇನ್ನೊಬ್ಬರು, ಹುರುಳಿ ಕಟ್ಟು ಎಂದು ಮೂರನೆಯವರು. ಅನ್ನ ಬಿಡು ರೊಟ್ಟಿ ತಿನ್ನು ಎನ್ನುವವರ ಪಕ್ಕದಲ್ಲೇ ರೊಟ್ಟಿ ಬಿಡು ಅನ್ನ ತಿನ್ನು ಎನ್ನುವವರು ಕೂತಿರುತ್ತಿದ್ದರು. ಎಲ್ಲ ಉಪದೇಶದ ಕೊನೆಗೂ ಒಂದೇ ಪಲ್ಲವಿ: "ಬಾಯಿ ಕಟ್ಟಬೇಕು ಗಂಗಣ್ಣ, ಬಾಯಿ."

ಬಾಯಿಯ ವಿಷಯ ಬಂದದ್ದರಿಂದ ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಕಡ್ಡಿ. ಗಾಳಿ ಜೋರಾದ ದಿನ ನಮ್ಮತ್ತೆ ನನ್ನನ್ನು ಅಂಗಳಕ್ಕೆ ಕಳಿಸಲು ಹೆದರುತ್ತಿದ್ದರಂತೆ. ಆದರೆ ಊಟಕ್ಕೆ ಕೂತರೆ ಆ ಗಾಳಿಯೇ ನನಗೆ ಹೆದರಬೇಕು. ಜೋಯಿಡಾ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೆಲವೊಮ್ಮೆ ಗಂಗಣ್ಣನೂ ನಾನೂ ಒಟ್ಟಿಗೆ ಡಬ್ಬಿ ಬಿಚ್ಚಿದ್ದುಂಟು. ಅವರ ಡಬ್ಬಿಯಲ್ಲಿ ಒಂದು ರೊಟ್ಟಿ, ಒಂದಿಷ್ಟು ಪಲ್ಲೆ. ನನ್ನದರಲ್ಲಿ ರೊಟ್ಟಿಗಳ ಅಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೊಂದು ಉಂಡೆ. ಹಾದುಹೋಗುವವರು ನನ್ನ ಡಬ್ಬಿ ನೋಡಿ, "ತಿನ್ರಿ ಅಕ್ಕೋರ, ಮೈಯಾಗ ಏನೂ ಇಲ್ಲ ನಿಮಗ" ಎಂದು ಕನಿಕರಿಸುತ್ತಿದ್ದರು; ಗಂಗಣ್ಣನ ಒಂಟಿ ರೊಟ್ಟಿ ನೋಡಿ, "ಮತ್ತ ಶುರು ಆತೇನಪಾ ಹೊಟ್ಟಿಪೂಜಿ?" ಎನ್ನುತ್ತಿದ್ದರು. ತೆಳ್ಳಗಿರುವುದು ನಾನು ದುಡಿದು ಗಳಿಸಿದ್ದಲ್ಲ. ನನ್ನ ತಾಯಿಯ ಮೂಗು ನನಗೆ ಬಂದ ಹಾಗೆ ಅದೂ ಬಂದಿತ್ತು. ಆದರೂ ಜಗತ್ತು ಅದಕ್ಕೆ ಸಂಯಮವೆಂದು ಹೆಸರಿಟ್ಟು ನನ್ನ ಬೆನ್ನು ತಟ್ಟುತ್ತಿತ್ತು.

ಒಂದು ಸಂತೆಯ ದಿನ ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಬಾಗಿಲಿನಿಂದ ಮುಂದಕ್ಕೆ ಬಂದ ಗಂಗಣ್ಣ ಇದ್ದಕ್ಕಿದ್ದಂತೆ ಡ್ರೈವರನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಮುಖ ಬೂದಿಯಾಗಿತ್ತು, ಅಂಗಿ ತೊಯ್ದು ಮೈಗೆ ಅಂಟಿತ್ತು. ಸಾಂತಾನ್ ಬಸ್ಸು ನಿಲ್ಲಿಸಿದರು. ಜೈತೂನಬಿ ಸೆರಗಿನಿಂದ ಗಾಳಿ ಹಾಕಿದಳು. ಸ್ವಲ್ಪ ಹೊತ್ತಿಗೆ ಉಸಿರು ಹತೋಟಿಗೆ ಬಂದಾಗ ಗಂಗಣ್ಣ, "ಏನಿಲ್ರಿ, ಗೂಡ್ಸ್ ಗಾಡಿ ಹಳಿ ತಪ್ಪಿತ್ತು" ಎಂದರು. ಆ ಸಲ ಯಾರೂ ನಗಲಿಲ್ಲ. ಹಳಿಯಾಳದ ವೈದ್ಯರೊಬ್ಬರು ಪರೀಕ್ಷೆ ಮಾಡಿ, ಬಿಪಿ ಮೊದಲೇ ಇತ್ತು, ಈಗ ಸಕ್ಕರೆ ಕಾಯಿಲೆಯೂ ಬಂದಿದೆ, ಮೈ ಇಳಿಸದಿದ್ದರೆ ನಿನ್ನ ಹಣೆಬರಹ ಎಂದು ಬೈದು ಕಳಿಸಿದರು.

ಗಂಗಣ್ಣ ಹಟ ಹಿಡಿದರು. ಒಂದೇ ಹೊತ್ತಿನ ಊಟ, ಉಳಿದಂತೆ ಸೌತೆಕಾಯಿ ಮತ್ತು ನೀರುಮಜ್ಜಿಗೆ. ಬೆಳಗಾಗುವ ಮೊದಲೇ ನಡಿಗೆ. ತಿಂಗಳುಗಳು ಉರುಳಿದಂತೆ ಅವರು ನಮ್ಮ ಕಣ್ಣೆದುರೇ ಕರಗಿದರು. ಖಾಕಿ ಅಂಗಿ ತೋಳಿನ ಮೇಲೆ ಜೋತಿತು, ಕೆನ್ನೆಯ ಮೂಳೆ ಮೂಡಿತು, ಹಾದಿಯ ಎರಡೂ ಬದಿಗೆ ಬೆಳಕು ಕಾಣಿಸಿತು. ಬಸ್ಸಿಗೆ ಎಲ್ಲಿಲ್ಲದ ಹೆಮ್ಮೆ. ಜೇನುತುಪ್ಪದವರು ಅದು ಜೇನುತುಪ್ಪದ ಮಹಿಮೆ ಎಂದರು, ಹಾಗಲಕಾಯಿಯವರು ಹಾಗಲಕಾಯಿಯದೆಂದರು. ಒಂದು ಬೆಳಿಗ್ಗೆ ಜೈತೂನಬಿ ಚೆಂಡುಹೂವಿನ ದಪ್ಪ ಮಾಲೆ ತಂದು ಗಂಗಣ್ಣನ ಕೊರಳಿಗೆ ಹಾಕಿದಳು. ಯಾರೋ ಧಾರವಾಡ ಪೇಢೆ ಹಂಚಿದರು. ಗಂಗಣ್ಣ ತಮ್ಮ ಪಾಲಿನ ಪೇಢೆಯನ್ನು ಸಾಂತಾನರ ಬಾಯಿಗೆ ಹಾಕಿದಾಗ ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಹಳಿಯಾಳದ ಕುಸ್ತಿ ಕಣದಲ್ಲಿ ಗೆದ್ದ ಪೈಲ್ವಾನನ ಹಾಗೆ ಅವರು ಕೈಯೆತ್ತಿ ಮುಗಿದರು.

ಗೆದ್ದ ಪೈಲ್ವಾನ ಮನೆಗೆ ಹೋಗಬಹುದು. ಸೋತ ಎದುರಾಳಿಯೂ ಹೋಗುತ್ತಾನೆ. ಆದರೆ ಇಲ್ಲಿ ಎದುರಾಳಿ ಒಳಗೇ ಇದ್ದ, ಮತ್ತು ಅವನು ಸೋತಿರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಅಂಗಿಯ ತೋಳು ತುಂಬಿತು. ದಸರೆ ದಾಟುವಾಗ ಗುಂಡಿಗಳು ಬಿಗಿದವು. ಗಂಗಣ್ಣ ಅದೇ ಸೌತೆಕಾಯಿ, ಅದೇ ನೀರುಮಜ್ಜಿಗೆ ಎನ್ನುತ್ತಿದ್ದರು, ಯಾರೂ ನಂಬಲಿಲ್ಲ. ಬಸ್ಸಿಗೆ ಏನೋ ಮೋಸವಾದಂತೆ, ತಾನು ಹಾಕಿದ ಮಾಲೆಗೆ ಅವಮಾನವಾದಂತೆ ಅನಿಸತೊಡಗಿತು. ಹಳೆಯ ತಮಾಷೆಗಳಿಗೆ ಈಗ ಅಂಚು ಮೂಡಿತ್ತು. "ಪೇಢೆ ಒಳಗೊಳಗ ನಡದಾವೇನು?" ಎಂದು ಒಬ್ಬರು. "ಕಂಡಕ್ಟರಿಗೆ ಎರಡು ಸೀಟಿನ ಟಿಕೆಟ್ ಹರೀರಿ" ಎಂದು ಊರಿಗೆ ಹೊಸಬನಾದ ಒಬ್ಬ. ಗಂಗಣ್ಣ ನಗಲಿಲ್ಲ. ಹೊಸಬನ ಕೈಗೆ ಟಿಕೆಟ್ ಕೊಟ್ಟು ಮುಂದೆ ಹೋದರು. ಅವರು ನಗದೆ ಹೋದದ್ದನ್ನು ನಾನು ಅಂದೇ ಮೊದಲ ಸಲ ಕಂಡೆ.

ಕೆಲವು ದಿನ ಕಳೆದ ಮೇಲೆ ಬಸ್ಸಿಗೆ ಬೇರೆ ಕಂಡಕ್ಟರ್ ಬಂದ. ಸಪೂರ ಮನುಷ್ಯ. ಹಾದಿಯಲ್ಲಿ ಮೀನಿನಂತೆ ಈಜುತ್ತಿದ್ದ, ಆದರೆ ಮುಖದಲ್ಲಿ ಒಂದು ಹನಿ ನೀರಿರಲಿಲ್ಲ. ಯಾರೂ ಅವನಿಗೆ ಉಪದೇಶ ಮಾಡಲಿಲ್ಲ; ಮಾಡಲು ಏನೂ ಇರಲಿಲ್ಲ. ಬಸ್ಸು ಮೂಕವಾಯಿತು. ಸಾಂತಾನರನ್ನು ಕೇಳಿದರೆ, "ರಜಾ ಹಾಕ್ಯಾನ. ಡಿಪೋದ ಸ್ಟೋರಿಗೆ ಹಾಕ್ರಿ, ಮಂದಿ ಮುಂದ ನಿಲ್ಲೂ ಕೆಲಸ ಬ್ಯಾಡ ಅಂತ ಅರ್ಜಿ ಕೊಟ್ಟಾನ. ಡಾಕ್ಟರ್ ಕಡೆ ಹೋಗೂದೂ ಬಿಟ್ಟಾನಂತ" ಎಂದರು.

ಆಗಷ್ಟೇ ಜೋಯಿಡಾದ ದವಾಖಾನೆಗೆ ಧಾರವಾಡದ ಕಡೆಯ ಡಾಕ್ಟರ್ ನಯನಾ ಬಂದಿದ್ದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ; ದಾಂಡೇಲಿಯಲ್ಲಿ ಮನೆ ಮಾಡಿದ್ದರಿಂದ ನಮ್ಮದೇ ಬಸ್ಸು. ಗಂಗಣ್ಣನನ್ನು ಅವರು ಕೆಲವೇ ವಾರ ನೋಡಿದ್ದರು. ಒಂದು ಸಂಜೆ ನನ್ನ ಪಕ್ಕ ಕೂತವರು, "ಆ ಕಂಡಕ್ಟರ್ ನಿಂತಲ್ಲೇ ತೂಕಡಸ್ತಿದ್ರಲ್ಲ, ಅವರು ಎಲ್ಲೆ ಹೋದ್ರು?" ಎಂದು ಕೇಳಿದರು. ತೂಕಡಿಸುವುದನ್ನು ನಾವೂ ನೋಡಿದ್ದೆವು, ಸೋಮಾರಿತನವೆಂದು ನಕ್ಕಿದ್ದೆವು. ನಾನು ಕತೆಯನ್ನೆಲ್ಲ ಹೇಳಿದೆ. ಮಾಲೆಯ ಭಾಗ ಬಂದಾಗ ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು.

"ಅವರ ಮನಿ ಗೊತ್ತದೇನ್ರಿ?" ಎಂದರು.

ಹಿಂದಿನ ಸೀಟಿನಿಂದ ಜೈತೂನಬಿಯ ತಲೆ ನಮ್ಮಿಬ್ಬರ ನಡುವೆ ತೂರಿ ಬಂತು. "ನನಗ ಗೊತ್ತೈತಿ. ಆಯ್ತವಾರ ಹೋಗೂಣು."

ಭಾನುವಾರ ನಾವು ಮೂವರು ಹಳಿಯಾಳಕ್ಕೆ ಹೋದೆವು. ಗಂಗಣ್ಣನ ಹೆಂಡತಿ ಶಕುಂತಲಾ ಬಾಗಿಲಲ್ಲೇ ಗಾಬರಿಯಾದರು. ಕೂಡಿಸಿ, ಒಗ್ಗರಣೆ ಅವಲಕ್ಕಿ ತಂದಿಟ್ಟರು. ಒಳಗಿನ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಸಂದಿನಲ್ಲಿ ಬಿಳಿ ಬನಿಯನ್ನಿನ ಒಂದು ಭಾಗ ಕಾಣುತ್ತಿತ್ತು.

"ಮನ್ಯಾಗಿಲ್ರಿ ಅವರು" ಎಂದರು ಶಕುಂತಲಾ, ಬಾಗಿಲ ಕಡೆ ನೋಡದೆ.

"ಆತು, ಇಲ್ದಾಂವಗ ಹೇಳು, ಜೈತೂನಬಿ ಬಂದಾಳ ಅಂತ" ಎಂದಳು ಜೈತೂನಬಿ. "ಹೊರಗ ಬರ್ಲಿಲ್ಲಂದ್ರ ನಾನ ಒಳಗ ಬರ್ತೇನಿ."

ಗಂಗಣ್ಣ ಹೊರಗೆ ಬಂದರು. ಹೆಗಲ ಮೇಲಿನ ಟವೆಲ್ಲನ್ನು ಎದೆಯ ತುಂಬ ಹರಡಿಕೊಂಡಿದ್ದರು. ಗೋಡೆಗೆ ಆತು ನಿಂತು ಹೇಳಿದರು, "ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ಮಾಲಿ ಹಾಕಿಸ್ಕೊಂಡ ಕೊಳ್ಳು ಇದು. ಯಾವ ಮಾರಿ ಹೊತ್ಕೊಂಡು ಬಸ್ ಹತ್ತಲಿ? ನನ್ನಿಂದ ಆಗಲಿಲ್ರಿ. ಅಷ್ಟ."

ಡಾಕ್ಟರ್ ನಯನಾ ತೂಕದ ಮಾತೇ ಎತ್ತಲಿಲ್ಲ. "ಗಂಗಣ್ಣ, ರಾತ್ರಿ ನಿದ್ದಿ ಹೆಂಗ ಬರ್ತದ?" ಎಂದರು. ಗಂಗಣ್ಣ ಅನುಮಾನದಿಂದ ನೋಡಿದರು. ಉತ್ತರ ಶಕುಂತಲಾರಿಂದ ಬಂತು: ಗೊರಕೆ ಜೋರು, ನಡುನಡುವೆ ಉಸಿರೇ ನಿಂತಂತಾಗುತ್ತದೆ, ಹೆದರಿ ತಾವೇ ಅಲುಗಿಸಿ ಎಬ್ಬಿಸುತ್ತಾರೆ. ನಿಮ್ಮ ತಂದೆ ಹೇಗಿದ್ದರು? ನನ್ನಂಗ ಇದ್ರು. ತಾಯಿ? ಅವ್ವನೂ ಹಿಂಗ. ಡ್ಯೂಟಿಯಲ್ಲಿ ಊಟ ಯಾವಾಗ? ಬಸ್ಸು ಬಿಡುವು ಕೊಟ್ಟಾಗ. ಮೈ ಇಳಿದ ಮೇಲೆ ಹಸಿವು ಹೇಗಿತ್ತು? ಈ ಪ್ರಶ್ನೆಗೆ ಗಂಗಣ್ಣ ಗೋಡೆ ಬಿಟ್ಟು ಬಂದು ಚಾಪೆಯ ಮೇಲೆ ಕೂತರು.

"ಅದನ್ನ ಹೆಂಗ ಹೇಳ್ಲಿರಿ. ಉಂಡು ಕೈ ತೊಳಕೊಂಡ್ರೂ ಹಸಿವು. ಕನಸಿನ್ಯಾಗ ಸುದ್ದಾ ಅನ್ನ. ದಪ್ಪ ಇದ್ದಾಗ ಹಂಗ ಹಸಿವು ಇದ್ದಿಲ್ರಿ. ತಡಕೊಂಡೆ, ತಡಕೊಂಡೆ... ಎಷ್ಟಂತ ತಡಕೊಳ್ಳೂದು?"

"ಮನಿಯವರು ಕದ್ದು ತಿನ್ನಂಗಿಲ್ರಿ" ಎಂದು ಶಕುಂತಲಾ ಕಣ್ಣೊರೆಸಿಕೊಂಡರು. "ನಾ ನೋಡೇನಿ. ಯಾರೂ ನಂಬೂದಿಲ್ಲ."

"ನಾ ನಂಬ್ತೀನಿ" ಎಂದರು ಡಾಕ್ಟರು. "ಗಂಗಣ್ಣ, ನೀವು ಊಟ ಬಿಟ್ರಿ. ತೆಳ್ಳಗಾಗ್ಲಿಕ್ಕೆ ಬಿಟ್ಟೀರಿ ಅಂತ ನಿಮ್ಮ ಮೈಗೆ ಏನು ಗೊತ್ತು? ಅದು ಬರಗಾಲ ಬಂತು ಅಂತ ತಿಳಕೋತದ. ಖರ್ಚು ಕಡಿಮಿ ಮಾಡ್ತದ, ಹಸಿವು ಹೆಚ್ಚು ಮಾಡ್ತದ. ಹೋದ ಕೊಬ್ಬು ವಾಪಸ್ ಬರೂತನಕಾ ಅದಕ್ಕ ಸಮಾಧಾನ ಇರೂದಿಲ್ಲ. ಕೆಲವರ ಮೈ ಹುಟ್ಟಾ ಇದರಾಗ ಭಾಳ ಜಿಪುಣ. ನಿಮ್ಮದು ಅಂಥಾದ್ದು."

"ಅಂದ್ರ... ಇದು ಬಾಯಿಚಪಲ ಅಲ್ರೀ?"

"ಬಾಯಿಚಪಲ ಎಲ್ಲಾರಿಗೂ ಅದ. ಅಕ್ಕೋರನ್ನ ನೋಡ್ರಿ."

ಎಲ್ಲರೂ ನನ್ನತ್ತ ನೋಡಿದರು. ನನ್ನ ಅವಲಕ್ಕಿ ಮುಗಿದು, ನಾನು ಅನ್ಯಮನಸ್ಕಳಾಗಿ ಜೈತೂನಬಿಯ ತಟ್ಟೆಯನ್ನು ಮುಗಿಸುವ ಹಂತದಲ್ಲಿದ್ದೆ. ಬಹಳ ದಿನಗಳ ಮೇಲೆ ಗಂಗಣ್ಣ ನಕ್ಕರು. ಈ ಸಲ ಯಾರಿಗಿಂತ ಮೊದಲೂ ಅಲ್ಲ, ಎಲ್ಲರ ಜೊತೆಗೆ.

"ಬಿಪಿ ಗುಳಿಗಿ ತಗೋತೀರಿ, ಬಿಪಿ ಇಳೀತದ" ಎಂದು ಡಾಕ್ಟರು ಮುಂದುವರಿಸಿದರು. "ಇಳೀತು ಅಂತ ಗುಳಿಗಿ ಬಿಟ್ರ?"

"ಏರ್ತೈತ್ರಿ."

"ಏರಿದ್ರ ಬಾಗಲ ಹಿಂದ ಅಡಗಿ ಕೂಡ್ತೀರೇನು?"

ಗಂಗಣ್ಣ ತಾವು ಅಡಗಿದ್ದ ಬಾಗಿಲಿನ ಕಡೆ ನೋಡಿದರು.

"ಇದೂ ಹಂಗ. ಇದು ಬ್ಯಾನಿ ಗಂಗಣ್ಣ, ದೀರ್ಘ ಕಾಲದ ಬ್ಯಾನಿ. ಒಮ್ಮೆ ಗೆದ್ದು ಮಾಲಿ ಹಾಕಿಸ್ಕೊಳ್ಳೂ ಕುಸ್ತಿ ಅಲ್ಲ. ಇಳೀತದ, ಏರ್ತದ, ಮತ್ತ ನೋಡ್ಕೋಬೇಕು. ನೀವು ಸೋತಿಲ್ಲ. ಔಷಧಾನ ಅರ್ಧಕ್ಕ ನಿಂತದ, ಅಷ್ಟ."

ಗಂಗಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುವುದು ಬಹಳ ಹೊತ್ತು ನಡೆಯಿತು. ಆಮೇಲೆ ಹೇಳಿದರು, "ಇಷ್ಟು ವರ್ಷದಾಗ ಎಲ್ಲಾರೂ ನನಗ ಹೇಳಿದ್ರಿ. ಯಾರೂ ಕೇಳಿದ್ದಿಲ್ಲ."

ಡಾಕ್ಟರ್ ನಯನಾರ ಚಿಕಿತ್ಸೆಯಲ್ಲಿ ಪವಾಡಗಳಿರಲಿಲ್ಲ. ಹಾಗಾಗಿ ಬಸ್ಸಿಗೆ ಅದು ಅಷ್ಟಾಗಿ ರುಚಿಸಲಿಲ್ಲ. ಉಪವಾಸ ಬೇಡವೆಂದರು. ಹೊತ್ತಿಗೆ ಸರಿಯಾಗಿ ರೊಟ್ಟಿ, ಜೊತೆಗೆ ಕಾಳುಪಲ್ಲೆ, ಸೊಪ್ಪು. ಚಹಾದಲ್ಲಿ ಸಕ್ಕರೆ ಇಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿ ನಿದ್ದೆಯ ಉಸಿರಿನ ತೊಂದರೆಯನ್ನು ಪರೀಕ್ಷೆ ಮಾಡಿಸಿದರು, ಅಲ್ಲಿಯವರು ಅದಕ್ಕೂ ಚಿಕಿತ್ಸೆ ಶುರುಮಾಡಿದರು. ಸಕ್ಕರೆ ಕಾಯಿಲೆಯ ಗುಳಿಗೆ ಬದಲಾಯಿಸಿದರು. ನಡಿಗೆ ಮಂಡಿ ಒಪ್ಪುವಷ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಇಳಿದಿರಲಿ ಏರಿರಲಿ, ಪ್ರತಿ ತಿಂಗಳೂ ಬಂದು ಮುಖ ತೋರಿಸಬೇಕು.

ಗಂಗಣ್ಣ ಅರ್ಜಿ ಹಿಂತೆಗೆದುಕೊಂಡು ಬಸ್ಸಿಗೆ ಮರಳಿದರು. ಅದಕ್ಕೂ ಮುಂಚಿನ ದಿನ ಜೈತೂನಬಿ ಸೀಟಿನ ಮೇಲೆ ನಿಂತು ಫರ್ಮಾನು ಹೊರಡಿಸಿದ್ದಳು: "ನಾಳೆ ಗಂಗಣ್ಣ ಬರ್ತಾನ. ಅವನ ಮೈ ಬಗ್ಗೆ ಯಾರರೆ ಬಾಯಿ ಬಿಟ್ರ, ಅವರ ಮನಿ ಹೆಣ್ಮಕ್ಕಳಿಗೆ ನಾ ಬಳಿ ತೊಡಸಂಗಿಲ್ಲ." ಎಂಥ ಶಿಕ್ಷೆ ನೋಡಿ! ಮರುದಿನದ ಬಸ್ಸನ್ನು ನೀವು ನೋಡಬೇಕಿತ್ತು. ಜೇನುತುಪ್ಪದವರು ತುಟಿ ಕಚ್ಚಿಕೊಂಡು ಕಾಡು ನೋಡುತ್ತಿದ್ದರು. ಹಾಗಲಕಾಯಿಯವರಿಗೆ ಕೆಮ್ಮು ಬಂತು. ಉಪದೇಶವನ್ನು ನುಂಗುವುದು ಹಾಗಲಕಾಯಿ ರಸವನ್ನು ನುಂಗುವುದಕ್ಕಿಂತ ಕಷ್ಟವೆಂದು ಅಂದು ಅನೇಕರಿಗೆ ಅರಿವಾಗಿರಬೇಕು. ಗಂಗಣ್ಣನೇ ಕನಿಕರಪಟ್ಟು, "ಯಾಕ್ರಿ, ಎಲ್ಲಾರೂ ಮೌನವ್ರತ ಹಿಡದೀರಿ?" ಎಂದಾಗ ಸಾಂತಾನ್ ಜೋರಾಗಿ ಹಾರ್ನ್ ಬಾರಿಸಿ ನಕ್ಕರು.

ಗಂಗಣ್ಣ ತೆಳ್ಳಗಾಗಲಿಲ್ಲ. ನಿಧಾನವಾಗಿ ಒಂದಿಷ್ಟು ಇಳಿದರು, ಅಲ್ಲಿಗೆ ನಿಂತರು. ಮಾಲೆ ಹಾಕುವಂಥದ್ದೇನೂ ಆಗಲಿಲ್ಲ. "ಇಷ್ಟೇನ?" ಎಂದು ನನಗೂ ಒಳಗೊಳಗೆ ಅನಿಸಿದ್ದುಂಟು. ಆದರೆ ಡಾಕ್ಟರ್ ನಯನಾಗೆ ಪರಮ ಸಂತೋಷ. ಸಕ್ಕರೆ ಹತೋಟಿಗೆ ಬಂದಿತ್ತು, ಗಂಗಣ್ಣ ನಿಂತಲ್ಲಿ ತೂಕಡಿಸುತ್ತಿರಲಿಲ್ಲ, ಏದುಸಿರಿಲ್ಲದೆ ಬಸ್ಸಿನ ಉದ್ದಕ್ಕೂ ಓಡಾಡುತ್ತಿದ್ದರು. ನಾವು ಕಣ್ಣಿನಿಂದ ಅಳೆಯುತ್ತಿದ್ದೆವು, ಅವರು ಉಸಿರಿನಿಂದ ಅಳೆಯುತ್ತಿದ್ದರು. ಆರೋಗ್ಯವೆಂದರೆ ಇನ್ನೊಬ್ಬರಿಗೆ ಚೆಂದ ಕಾಣುವುದು ಎಂದು ನಮಗೆ ಯಾರು ಕಲಿಸಿದರೋ! ಕೆಮ್ಮು ಬಂದವನನ್ನು ನಾವು ನಾಚಿಸುವುದಿಲ್ಲ, ಕಾಲು ಮುರಿದವನಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಮೂಳೆ ಕೂಡಿಸಿಕೋ ಎನ್ನುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಈ ಬೇನೆಯೊಂದೇ ಬೇನೆಯಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಡಾಕ್ಟರ್ ನಯನಾಗೆ ವರ್ಗವಾಯಿತು. ಹೋಗುವ ಮುಂಚೆ ಗಂಗಣ್ಣನನ್ನು ಹೊಸ ಡಾಕ್ಟರರ ಎದುರು ಕೂಡಿಸಿ ಎಲ್ಲ ತಿಳಿಸಿಕೊಟ್ಟು ಹೋದರು. ಆ ಬೇಸಿಗೆಯಲ್ಲಿ ಗಂಗಣ್ಣನ ತಾಯಿ ಹಾಸಿಗೆ ಹಿಡಿದರು. ತಿಂಗಳುಗಟ್ಟಲೆ ಆಸ್ಪತ್ರೆ, ಮನೆ, ಡ್ಯೂಟಿ. ಕೊನೆಗೆ ತಾಯಿ ಹೋದರು. ಊಟ ಹೊತ್ತು ತಪ್ಪಿತು, ನಿದ್ದೆ ತಪ್ಪಿತು, ದವಾಖಾನೆಯ ತಿಂಗಳ ಭೇಟಿಯೂ ತಪ್ಪಿತು. ದಿನಕರ್ಮ ಮುಗಿಸಿ ಬೋಳುತಲೆಯಲ್ಲಿ ಬಸ್ಸಿಗೆ ಮರಳಿದ ಗಂಗಣ್ಣನ ಅಂಗಿಯ ಗುಂಡಿಗಳು ಮತ್ತೆ ಬಿಗಿದಿದ್ದನ್ನು ಎಲ್ಲರೂ ಕಂಡೆವು. ಯಾರೂ ಏನೂ ಹೇಳಲಿಲ್ಲ. ಆದರೆ ನಮ್ಮ ಮೌನಕ್ಕೂ ಕಣ್ಣುಗಳಿದ್ದವು. ನನಗೆ ಹಳಿಯಾಳದ ಆ ಮುಚ್ಚಿದ ಬಾಗಿಲು ನೆನಪಾಗಿ ಭಯವಾಗುತ್ತಿತ್ತು.

ಒಂದು ಸಂಜೆ ಜೋಯಿಡಾ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಜನ ತುಂಬಿದ್ದರು, ಸಾಂತಾನ್ ಎಂಜಿನ್ ಚಾಲೂ ಮಾಡಿದ್ದರು. ಗಂಗಣ್ಣ ಮುಂದೆ ಹೋಗಿ, ನಮ್ಮ ಕಡೆ ತಿರುಗಿ ನಿಂತು, ಡ್ರೈವರನ ಹಿಂದಿನ ಕಂಬಿ ಹಿಡಿದುಕೊಂಡರು.

"ಒಂದು ಮಾತ ಕೇಳ್ರಿ ಎಲ್ಲಾರೂ" ಎಂದರು. "ಅವ್ವ ಹೋದ ಮ್ಯಾಲ ನನ್ನ ತೂಕ ಮತ್ತ ಏರೇತಿ. ನೀವೂ ನೋಡೀರಿ. ನೋಡಿ ಸುಮ್ಮನದೀರಿ, ಅದೂ ನನಗ ಗೊತ್ತೈತಿ. ಡಾಕ್ಟರ್ ಕಡೆ ಹೋಗೂದು ತಪ್ಪಿತ್ತು. ಈಗ ಇಲ್ಲೆ ದವಾಖಾನಿಗೆ ಹೋಗಿ ಬರ್ತೇನಿ. ಬಸ್ ಬಿಡೂದು ಒಂಚೂರು ತಡಾ ಆಗ್ತೈತಿ. ಬೈಬ್ಯಾಡ್ರಿ."

ಸಾಂತಾನ್ ಎಂಜಿನ್ ಆರಿಸಿದರು. ಗಂಗಣ್ಣ ಇಳಿದು, ಟಿಕೆಟಿನ ಚೀಲವನ್ನು ಹೆಗಲಿಗೆ ಏರಿಸಿಕೊಂಡು, ರಸ್ತೆ ದಾಟಿ ದವಾಖಾನೆಯ ಗೇಟಿನೊಳಗೆ ಹೋದರು. ಎಲ್ಲರಿಗೂ ಮನೆ ಮುಟ್ಟುವ ಅವಸರ. ಹಿಂದೆ ಕೂತಿದ್ದ ಒಬ್ಬರು ಗೊಣಗಲು ಬಾಯಿ ತೆರೆದರು, ಜೈತೂನಬಿ ತಿರುಗಿ ನೋಡಿದಳು, ಬಾಯಿ ಮುಚ್ಚಿತು. ಯಾರೋ ಕಿಟಕಿಯಿಂದ ಚಹಾ ತರಿಸಿದರು. ಹೊರಗೆ ಹೊತ್ತು ಮುಳುಗುತ್ತಿತ್ತು, ಹಕ್ಕಿಗಳು ಮರ ಸೇರುತ್ತಿದ್ದವು, ಮತ್ತು ಜೋಯಿಡಾದ ಬಸ್ಸು ಮೊಟ್ಟಮೊದಲ ಬಾರಿಗೆ, ಏನೂ ಉಪದೇಶಿಸದೆ, ಒಬ್ಬ ಮನುಷ್ಯನಿಗಾಗಿ ಸುಮ್ಮನೆ ಕಾಯುತ್ತ ನಿಂತಿತ್ತು.